ಹೊಡೆಯದೆ ಬಿಟ್ಟ ಒಂಟೆ

ಓಣಿಯ ತಿರುವಿಗೆ ಬರುತ್ತಲೇ ಅಮಸಿದ್ದಪ್ಪ ಹೆಗಲ ಮೇಲಿನ ಕಂಬಳಿ ಗಂಟನ್ನು ಕೆಳಗಿಳಿಸಿ ಕಿವಿಗೊಟ್ಟ. ಮಗ್ಗದ ಸದ್ದಿಲ್ಲ. ಬನಹಟ್ಟಿಯ ಈ ಓಣಿಯಲ್ಲಿ ಹೊತ್ತು ಹುಟ್ಟುವ ಮೊದಲೇ ಲಾಳಿಗಳು ಓಡಾಡತೊಡಗಿದರೆ ದೀಪ ಹಚ್ಚುವ ತನಕ ನಿಲ್ಲುತ್ತಿರಲಿಲ್ಲ. ಹಬ್ಬಕ್ಕೂ ಅರ್ಧ ದಿನದ ಬಿಡುವು ಅಷ್ಟೆ. ಎಲ್ಲ ಮಗ್ಗಗಳೂ ಒಟ್ಟಿಗೆ ಸುಮ್ಮನಾಗುವುದು ಓಣಿಯಲ್ಲಿ ಹೆಣ ಇದ್ದಾಗ ಮಾತ್ರ. ಅದು ಮಣ್ಣಿಗೆ ಹೋಗಿ ಜನ ತಿರುಗಿ ಬರುವವರೆಗೆ ಯಾರೂ ಲಾಳಿ ಮುಟ್ಟುವುದಿಲ್ಲ.

ಯಾರೋ ಮುದುಕಿ ಹೋಗಿರಬೇಕು ಎಂದುಕೊಂಡು ಅವನು ಗಂಟು ಎತ್ತಿಕೊಂಡ. ಅವನ ತಲೆಯಲ್ಲಿ ಬೇರೆಯದೇ ವಿಚಾರವಿತ್ತು. ಇವತ್ತು ಸಂತೆ. ಸಂತೆಯ ದಿನ ಅವನು ಕಂಬಳಿ ಮಾರುವುದಕ್ಕೂ ಮೊದಲು ನೇಕಾರ ಬಸಗೊಂಡಪ್ಪನ ಮನೆಗೆ ಹೋಗಿ, ಬುದ್ಧಿಬಳದ, ಅಂದರೆ ಚದುರಂಗದ, ಹಲಗೆಯ ಮುಂದೆ ಕೂತು, ಒಂದೇ ಒಂದು ಕಾಯಿ ಸರಿಸಿ, ಒಂದು ಮಾತೂ ಆಡದೆ ಎದ್ದು ಬರಬೇಕು. ಆನೆಯನ್ನು ಎಡಕ್ಕೆ ಎರಡು ಮನೆ ಸರಿಸುವುದೆಂದು ಎಂಟು ದಿನ ಕುರಿ ಹಿಂದೆ ಓಡಾಡುತ್ತ ಲೆಕ್ಕ ಹಾಕಿ ಇಟ್ಟಿದ್ದ.

ಬಸಗೊಂಡಪ್ಪನ ಮನೆಯ ಕಟ್ಟೆಯ ಮೇಲೆ ಕರಿ ಟೊಪ್ಪಿಗೆಯ ಅಣ್ಣಾಸಾಹೇಬ ಕೂತಿದ್ದ. ನೂಲಿನ ಅಂಗಡಿಯ ಗುಮಾಸ್ತ. ಓಣಿಯ ಸುದ್ದಿಯೆಲ್ಲ ಮೊದಲು ಅವನ ಬಾಯಿಗೆ ಬಂದು ಆಮೇಲೆ ಊರಿಗೆ ಹೋಗಬೇಕು.

"ಬಂದಿ ಏನ ಅಮಸಿದ್ದ? ಸ್ವಲ್ಪ ತಡಾ ಆತು ನೋಡ. ಬಸಗೊಂಡಪ್ಪ ನಸಕಿನ್ಯಾಗ ಹೋದ."

"ಎಲ್ಲಿಗಿ?" ಎಂದ ಅಮಸಿದ್ದಪ್ಪ.

ಅಣ್ಣಾಸಾಹೇಬ ಮೇಲೆ ಕೈ ತೋರಿಸಿದ. ಆಗ ಒಳಗಿನಿಂದ ತಾಳದ ಸದ್ದು ಕೇಳಿತು, ಅದರ ಹಿಂದೆ ಭಜನೆಯವರ ದನಿ. ಅಮಸಿದ್ದಪ್ಪ ಗಂಟನ್ನು ಅಲ್ಲೇ ಗೋಡೆಗೆ ಒರಗಿಸಿ ಒಳಗೆ ಹೆಜ್ಜೆ ಇಟ್ಟ.

ಪಡಸಾಲೆಯಲ್ಲಿ ಬಸಗೊಂಡಪ್ಪನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಬಂದವರೆಲ್ಲ ಪಾದ ಮುಟ್ಟಿ ಪಕ್ಕಕ್ಕೆ ಸರಿಯುತ್ತಿದ್ದರು. ಅಮಸಿದ್ದಪ್ಪ ಬಾಗಿಲಲ್ಲೇ ನಿಂತ. ಪಾದ ಮುಟ್ಟಲು ಅವನ ಕೈ ಏಳಲಿಲ್ಲ. ಎರಡೂವರೆ ವರ್ಷದಿಂದ ಈ ಬಾಯಿಂದ ಒಂದು ಮಾತು ಬಂದೀತೆಂದು ಕಾದಿದ್ದ. 'ತಪ್ಪಾತೋ ತಮ್ಮಾ' ಅಂದಿದ್ದರೆ ಸಾಕಿತ್ತು, ಅಷ್ಟಕ್ಕೇ ಅವನು ಎಲ್ಲ ಮರೆತುಬಿಡುತ್ತಿದ್ದ. ಈಗ ಬಾಯಿಗೆ ಬಟ್ಟೆ ಕಟ್ಟಿದ್ದಾರೆ. ಅವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹೇಳದೆ ಹೋಗಿಬಿಟ್ಟನಲ್ಲ ಎಂಬ ಸಿಟ್ಟು.

* * *

ಇಪ್ಪತ್ತು ವರ್ಷದ ಹಿಂದೆ, ಇನ್ನೂ ಸಂಸ್ಥಾನದ ಕಾಲ. ಮಹಾಲಿಂಗಪುರದ ಕಡೆಯ ಹಳ್ಳಿಯೊಂದರಿಂದ ಕಂಬಳಿ ಹೊತ್ತು ತಂದ ಅಮಸಿದ್ದಪ್ಪ ಮಠದ ಕಟ್ಟೆಯ ಹತ್ತಿರ ನಿಂತುಬಿಟ್ಟಿದ್ದ. ಬಸಗೊಂಡಪ್ಪ ಯಾರದೋ ಸಂಗಡ ಬುದ್ಧಿಬಳ ಆಡುತ್ತಿದ್ದ. ಗಂಟು ಇಳಿಸುವುದನ್ನೂ ಮರೆತು ತಾಸುಗಟ್ಟಲೆ ನೋಡಿದ ಅಮಸಿದ್ದಪ್ಪ ಕಡೆಗೆ ತಡೆಯದೆ, "ಆ ಪ್ಯಾದಿ ನಡಿಸಿದ್ರ ಮೂರ ನಡಿಗಿ ರಾಜಾ ಸಾಯತಾನ್ರಿ" ಎಂದ.

"ನಿನಗ್ಯಾರೋ ಕಲಿಸ್ಯಾರ ಇದನ್ನ?"

"ನಮ್ಮ ಸ್ವಾದರ ಮಾವ್ರಿ. ಅಡವ್ಯಾಗ ನೆಲದ ಮ್ಯಾಲ ಮನಿ ಕೊರದು ಆಡತೇವ್ರಿ. ಕಾಯಿ ಅಂದ್ರ ಒಂದ ಕಡೆ ಹಳ್ಳದ ಕಲ್ಲ, ಇನ್ನೊಂದ ಕಡೆ ಕುರಿ ಹಿಕ್ಕಿ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬಸಗೊಂಡಪ್ಪ ನಗಲಿಲ್ಲ. ಎದುರಿಗಿದ್ದವನನ್ನು ಎಬ್ಬಿಸಿ, "ಬಾ, ಕುಂಡ್ರ" ಎಂದ. ಅವತ್ತು ಸೂರ್ಯ ಇಳಿಯುವ ಹೊತ್ತಿಗೆ ಬಸಗೊಂಡಪ್ಪ ಎರಡು ಸಲ ಸೋತಿದ್ದ, ಅಮಸಿದ್ದಪ್ಪನ ಒಂದು ಕಂಬಳಿಯೂ ಮಾರಾಟವಾಗಿರಲಿಲ್ಲ.

ಆಮೇಲೆ ಇಬ್ಬರೂ ಸೇರಿ ತಮ್ಮದೇ ಆಟ ಮಾಡಿಕೊಂಡರು. ಬಸಗೊಂಡಪ್ಪ ಕೆಂಪು ಬಿಳಿ ಚೌಕುಳಿಯ ಬಟ್ಟೆ ನೇಯ್ದು ಹಲಗೆಗೆ ಮೊಳೆ ಹೊಡೆದ. ತನ್ನ ಕಾಯಿಗಳನ್ನು ಮುರಿದ ಲಾಳಿಯ ಕಟ್ಟಿಗೆಯಲ್ಲಿ ಕೆತ್ತಿದ. ಅಮಸಿದ್ದಪ್ಪ ತನ್ನವನ್ನು ಟಗರಿನ ಕೋಡಿನಲ್ಲಿ ಕೆತ್ತಿಕೊಂಡು ಬಂದ. ಬಸಗೊಂಡಪ್ಪ ಜಮಖಂಡಿ ದಾಟಿ ಹೋದದ್ದು ಜೀವಮಾನದಲ್ಲಿ ಒಮ್ಮೆ, ಕೊಲ್ಲಾಪುರಕ್ಕೆ. ಅಲ್ಲಿಂದ ಬಂದವನು ದೇವಿಯ ಸುದ್ದಿ ಹೇಳುವುದು ಬಿಟ್ಟು, "ಅಲ್ಲಿ ಗುಡಿ ಮುಂದ ಒಬ್ಬಾಂವ ಕುದರಿ ಹೆಂಗ ನಡಿಸಿದ ಗೊತ್ತೇನ?" ಎಂದು ಶುರು ಮಾಡಿದ್ದ. ಅಂಥ ಮನುಷ್ಯ. ಹದಿನೇಳು ವರ್ಷ ಸಂತೆ ತಪ್ಪಿದರೂ ಆಟ ತಪ್ಪಿರಲಿಲ್ಲ.

* * *

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟುವ ಕೆಲಸ ನಡೆದಿತ್ತು. ಬಿದಿರಿನ ಗೂಟಕ್ಕೆ ಬಾಳೆಯ ಎಲೆ ಬಿಗಿಯುತ್ತ ಗಂಡಸರು ಸತ್ತವನ ಮಾತನ್ನೇ ಆಡುತ್ತಿದ್ದರು.

"ನಲವತ್ತ ವರ್ಷ ಒಂದ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟ ನೇಯ್ದಾಂವಪಾ. ಅವ ನೇಯ್ದ ಸೀರಿ ಅಂಚ ಹರದದ್ದ ನಾ ಕಾಣೆ."

"ಯಾರಿಗೂ ಎರಡ ಮಾತ ಅಂದಾಂವ ಅಲ್ಲ."

ಅಮಸಿದ್ದಪ್ಪ ಮೂಲೆಯಲ್ಲಿ ಕೂತು ಕೇಳುತ್ತಿದ್ದ. ಎರಡು ಅಂದಿಲ್ಲ, ಖರೆ. ಒಂದು ಅಂದದ್ದೇ ಸಾಕಾಗಿತ್ತು.

ಅಣ್ಣಾಸಾಹೇಬ ಸುಮ್ಮನಿರುವ ಕುಳವಲ್ಲ. "ನಮ್ಮ ಅಮಸಿದ್ದನ ಒಂಟಿ ಕಡೀಕೂ ಉಳೀತ ನೋಡ್ರಿ" ಎಂದ. "ಅರವತ್ತ ನಡಿ ಆತು, ಕುದರಿ ಮುಂದ ನಿಂತೈತಿ. ಹೊಡೀಬೇಕಂದ್ರ ಬಸಗೊಂಡಪ್ಪಗ ಒಂದ ಚಿಟಿಕಿ ಕೆಲಸ. ಹೊಡೀಲಿಲ್ಲ. ಆಡಿಸಿದ. ಬೆಕ್ಕಿಗಿ ಚೆಲ್ಲಾಟ, ಇಲಿಗಿ ಪ್ರಾಣಸಂಕಟ."

ಒಂದಿಬ್ಬರು ಮುಗುಳ್ನಕ್ಕು, ಸಾವಿನ ಮನೆಯೆಂದು ನೆನಪಾಗಿ ತಲೆ ತಗ್ಗಿಸಿದರು. ಹಲಗೆಯ ಮೇಲಿನ ಆ ಒಂಟೆ, ಓರೆಯಾಗಿ ನಡೆಯುವ ಕಾಯಿ, ಊರಿಗೆಲ್ಲ ಗೊತ್ತಿತ್ತು. ಬನಹಟ್ಟಿಯಲ್ಲಿ ಯಾವುದಾದರೂ ಕೆಲಸ ಆಗದೆ ಹೋಗದೆ ನಿಂತರೆ, "ಅಮಸಿದ್ದನ ಒಂಟಿ ಆತಲ್ಲೋ ಇದು" ಎನ್ನುವ ರೂಢಿಯೇ ಬಿದ್ದಿತ್ತು. ಕೂಡದ ಮದುವೆಗೂ ಅದೇ ಮಾತು, ಮುಗಿಯದ ಬಾವಿಗೂ ಅದೇ ಮಾತು.

ಬಸಗೊಂಡಪ್ಪನ ಮಗ ರಾಚಪ್ಪ ಹಸಿ ಪಂಚೆಯಲ್ಲಿ ಬಂದು ಅಮಸಿದ್ದಪ್ಪನ ಎದುರು ನಿಂತ. ಅತ್ತು ಅತ್ತು ಅವನ ಕಣ್ಣು ಊದಿಕೊಂಡಿದ್ದವು.

"ಕಾಕಾ, ಮುಂದಿನ ಹೆಗಲ ನೀವ ಕೊಡ್ರಿ."

"ನಾ ಒಲ್ಲೆ ತಮ್ಮಾ."

"ಯಾಕ್ರಿ?"

"ನಿಮ್ಮಪ್ಪಗ ಹೆಗಲ ಕೊಡೂ ಮಂದಿ ಭಾಳ ಅದಾರ. ನಾ ಮಣ್ಣ ಹಾಕಾಕೂ ಬರೂದಿಲ್ಲ. ಹಿಂದಿಂದ ಹಿಂದ ಊರ ಹಾದಿ ಹಿಡಿತೇನಿ."

ಹೇಳಿದ ಮೇಲೆ ಅವನಿಗೇ ತನ್ನ ಮಾತು ಬಿರುಸಾಗಿ ಕೇಳಿಸಿತು. ಆದರೂ ಹಿಂದೆ ತೆಗೆದುಕೊಳ್ಳಲಿಲ್ಲ. ಹೊಡೆಯಬಹುದಾದದ್ದನ್ನು ಹೊಡೆಯದೆ ಬಿಟ್ಟದ್ದು ಗೇಲಿಗೋ, ಪಶ್ಚಾತ್ತಾಪಕ್ಕೋ? ಅದು ತಿಳಿಯದೆ ಅವನ ಹೆಗಲು ಆ ವಿಮಾನಕ್ಕೆ ಹೇಗೆ ಹೋದೀತು? ಕೇಳೋಣವೆಂದರೆ ಹೇಳಬೇಕಾದವನು ಗೋಡೆಗೆ ಒರಗಿ ಕೂತಿದ್ದಾನೆ.

* * *

ಅದು ನಡೆದದ್ದು ಎರಡೂವರೆ ವರ್ಷದ ಹಿಂದೆ, ಅದೇ ಮಠದ ಕಟ್ಟೆಯ ಮೇಲೆ, ತುಂಬಿದ ಸಂತೆಯ ನಡುವೆ. ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು. ಬಸಗೊಂಡಪ್ಪ ಸೋಲುವ ದಾರಿಯಲ್ಲಿದ್ದ. ಅವತ್ತು ಯಾಕೋ ಕಾಯಿಗಳನ್ನು ಮೂಗಿನ ಹತ್ತಿರ ಬಗ್ಗಿ ಬಗ್ಗಿ ನೋಡುತ್ತಿದ್ದ. ಸೋಲುವವನಿಗೆ ನಾಲಗೆ ಸಡಿಲ. ಅಮಸಿದ್ದಪ್ಪ ಒಂಟೆಯನ್ನು ಎತ್ತಿ ಎಲ್ಲಿಡಲೆಂದು ಯೋಚಿಸುತ್ತಿದ್ದಾಗ ಅವನು ಅಂದುಬಿಟ್ಟ:

"ಜಲ್ದಿ ಇಡೋ. ಕುರುಬಗ ಕುರಿ ಕಾಯಾಕ ಬರತೈತಿ, ಒಂಟಿ ನಡಸಾಕ ಎಲ್ಲಿ ಬರತೈತಿ?"

ಸುತ್ತಲಿನವರು ಹೋ ಎಂದು ನಕ್ಕರು. ಇಂಥ ಮಾತನ್ನು ಅಮಸಿದ್ದಪ್ಪ ಹುಟ್ಟಿದಾಗಿನಿಂದ ಕೇಳಿದವನೇ. ಸಂತೆಯಲ್ಲಿ, ಚಾವಡಿಯಲ್ಲಿ, ಬಸ್ಸಿನಲ್ಲಿ. ಈ ಒಂದು ಬಾಯಿಂದ ಮಾತ್ರ ಕೇಳಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಕೈಯಲ್ಲಿದ್ದ ಒಂಟೆಯನ್ನು ನೋಡದೆ ಹಲಗೆಗೆ ಕುಕ್ಕಿ ಎದ್ದು ನಡೆದ.

ಒಂಟೆ ಹೋಗಿ ನಿಂತದ್ದು ಬಸಗೊಂಡಪ್ಪನ ಕುದುರೆಯ ಬಾಯಿಗೆ. ಹಿಂದೆ ಕಾಯುವ ಕಾಯಿ ಒಂದೂ ಇಲ್ಲ. ಜೋರಿಲ್ಲದ ಕಾಯಿ ಎನ್ನುತ್ತಾರಲ್ಲ, ಹಾಗೆ. ಬಿಟ್ಟ ಕಾಯಿ ಬಿಟ್ಟಲ್ಲೇ ಎಂಬುದು ಅವರಿಬ್ಬರ ಕಟ್ಟಳೆ. ಮುಂದಿನ ಸಂತೆಗೆ ಅಮಸಿದ್ದಪ್ಪ ಬಂದಾಗ ಹಲಗೆಯನ್ನು ಅಲುಗಾಡದ ಹಾಗೆ ತಂದು ಮಗ್ಗದ ಕೋಣೆಯಲ್ಲಿಟ್ಟಿದ್ದರು. ಬಸಗೊಂಡಪ್ಪ ಎಲ್ಲೋ ಮೂಲೆಯ ಪ್ಯಾದೆಯೊಂದನ್ನು ಮುಂದೆ ತಳ್ಳಿದ್ದ. ಒಂಟೆ ನಿಂತಲ್ಲೇ ನಿಂತಿತ್ತು.

ಅದನ್ನು ಹಿಂದಕ್ಕೆ ತಂದರೆ ಒಂಟೆ ನಡೆಸಲು ಬರುವುದಿಲ್ಲವೆಂದು ತಾನೇ ಒಪ್ಪಿಕೊಂಡಂತೆ. ಜೋರು ಕೊಟ್ಟರೆ ಹೆದರಿದಂತೆ. ಅಮಸಿದ್ದಪ್ಪ ಅದನ್ನು ಮುಟ್ಟದೆ ಬೇರೊಂದು ಕಾಯಿ ಸರಿಸಿದ. "ಮಾತಿಲ್ಲ ಕತಿಯಿಲ್ಲ, ಮತ್ಯಾಕ ಹೊಕ್ಕೀ ಅವರ ಮನಿಗಿ?" ಎಂದು ಹೆಂಡತಿ ಲಗಮವ್ವ ಕೇಳಿದಾಗ, "ಅರ್ಧಕ್ಕ ಬಿಟ್ರ ಸೋತಂಗ ಆಗತೈತಿ" ಎಂದ. ಅದು ಅರ್ಧ ಖರೆ. ಉಳಿದರ್ಧವನ್ನು ಅವನು ತನಗೂ ಹೇಳಿಕೊಂಡಿರಲಿಲ್ಲ.

ಕುರಿ ಮೇಯಿಸಲು ಅಡವಿಗೆ ಹೋದ ತಿಂಗಳುಗಳನ್ನು ಬಿಟ್ಟರೆ ಒಂದು ಸಂತೆಯೂ ತಪ್ಪಿಸಲಿಲ್ಲ. ಪ್ರತಿಸಲ ಬಸಗೊಂಡಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಕೂತಿರುತ್ತಿದ್ದ. ಮುಖ ನೋಡಲೂ ಮನಸ್ಸಿಲ್ಲ ಇವನಿಗೆ ಎಂದು ಅಮಸಿದ್ದಪ್ಪ ಕುದಿಯುತ್ತ ಎದ್ದು ಬರುತ್ತಿದ್ದ.

* * *

"ಅಮಸಿದ್ದಣ್ಣಾ, ಸ್ವಲ್ಪ ಒಳಗ ಬರ್ರಿ."

ಬಸಗೊಂಡಪ್ಪನ ಹೆಂಡತಿ ಶೇವಂತಿ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಹೆಂಗಸರ ನಡುವಿನಿಂದ ಎದ್ದು ಬಂದಿದ್ದಳು. ಅವನು ಅವಳ ಹಿಂದೆ ಮಗ್ಗದ ಕೋಣೆಗೆ ಹೋದ. ಮಗ್ಗದ ಮೇಲೆ ಅರ್ಧ ನೇಯ್ದ ಹಸಿರು ಸೀರೆ ನಿಂತಿತ್ತು. ಪಕ್ಕದ ನೆಲದ ಮೇಲೆ ಹಲಗೆ.

"ನಿಮ್ಮ ಪಾಳಿ ಐತ್ರಿ. ಅವರು ತಮ್ಮದ ನಡಿಸಿ ಹೋಗ್ಯಾರ."

ಅಮಸಿದ್ದಪ್ಪ ಬಗ್ಗಿ ನೋಡಿದ. ಮೊದಲು ಕಣ್ಣು ಒಂಟೆಯ ಮೇಲೆ ಬಿತ್ತು, ಇತ್ತು, ಅಲ್ಲೇ. ಆಮೇಲೆ ಅದರ ಓರೆಹಾದಿಯ ಗುಂಟ ಕಣ್ಣು ಸರಿಯುತ್ತ ಹೋಗಿ ಒಂದು ಕಡೆ ನಿಂತಿತು. ಅಲ್ಲಿ ಬಸಗೊಂಡಪ್ಪನ ವಜೀರನಿದ್ದ. ರಾಜನನ್ನು ಬಿಟ್ಟರೆ ಹಲಗೆಯ ಮೇಲೆ ಅದಕ್ಕಿಂತ ದೊಡ್ಡ ಕಾಯಿ ಇಲ್ಲ. ಒಂಟೆಗೆ ನೇರ ಎದುರು, ಜೋರಿಲ್ಲದೆ ಬಂದು ನಿಂತಿತ್ತು. ಒಂಟೆ ಒಂದು ಸಲ ಸರಿದರೆ ವಜೀರ ಹೋಯಿತು, ಆಟವೂ ಮುಗಿಯಿತು.

"ಇದೇನ್ರಿ ವೈನಿ? ಅಣ್ಣಗ ಕಣ್ಣ ಕಾಣಲಿಲ್ಲೇನ?"

"ಕಾಣತಿದ್ದಿಲ್ಲ" ಎಂದಳು ಶೇವಂತಿ. "ಎರಡ ವರ್ಷದ ಮ್ಯಾಲ ಆತು. ಮೊದಲ ಮಬ್ಬ ಇತ್ತು, ಆಮ್ಯಾಲ ಅದೂ ಹೋತು."

ಅಮಸಿದ್ದಪ್ಪ ಅವಳನ್ನೇ ನೋಡಿದ.

"ಯಾರಿಗೂ ಹೇಳಲಿಲ್ರಿ. ಕುರುಡ ನೇಕಾರನ ಮನಿಗಿ ಎರಡ ಮಗ್ಗದ ನೂಲ ಯಾರ ಕೊಡತಾರ? ರಾಚಪ್ಪನ ಎರಡೂ ಮಗ್ಗ ನೇಯತಿದ್ದ. ಯಾರರೆ ಬಂದ್ರ ಇವರು ಕುಣ್ಯಾಗ ಕಾಲ ಇಟ್ಟ ಕುಂಡ್ರತಿದ್ರು, ಅಷ್ಟ."

"ಮತ್ತ ನಾ ಬಂದಾಗೆಲ್ಲ ಮಾರಿ ಆಕಡೆ ಮಾಡತಿದ್ದ..."

"ಮಾರಿ ಆಕಡೆ ಅಲ್ರಿ ಅಣ್ಣಾ. ಕಿವಿ ಈಕಡೆ." ಅವಳು ಸೆರಗಿನಿಂದ ಬಾಯಿ ಒತ್ತಿ ಹಿಡಿದು ಮತ್ತೆ ಹೇಳಿದಳು. "ಯಾವ ಕಾಯಿ ಸರೀತು ಅಂತ ಸಪ್ಪಳದ ಮ್ಯಾಲ ಹೇಳತಿದ್ರು. ನೀವು ಹ್ವಾದ ಮ್ಯಾಲ ನಾ ಕೈ ಹಿಡದ ತಂದ ಇಲ್ಲಿ ಕುಂಡ್ರಸತಿದ್ದೆ. ಬೆರಳಿಲೆ ಎಲ್ಲಾ ಮುಟ್ಟಿ ಮುಟ್ಟಿ ನೋಡತಿದ್ರು. ಕಡೀಕ ನಿಮ್ಮ ಕೋಡಿನ ಒಂಟಿಗಿ ಬಂದ ನಿಂತ, 'ಐತಿ' ಅಂತಿದ್ರು. ಪ್ರತಿ ಸಂತಿಗೂ ಅದ ಒಂದ ಮಾತು. 'ಐತಿ ನೋಡ ಶೇವಂತಿ. ಇದ ಇರೂತನಾ ಅಂವ ಬರತಾನ. ಇದನ್ನ ಹೊಡದ್ನೆಂದ್ರ ಆಟ ಮುಗೀತೈತಿ, ಅಂವ ಬರೂದಿಲ್ಲ.'"

ಕೋಣೆಯಲ್ಲಿ ಹತ್ತಿಯ ದೂಳಿನ ವಾಸನೆ ಇತ್ತು. ಅಮಸಿದ್ದಪ್ಪ ಗೋಡೆ ಹಿಡಿದು ಕೂತ.

"ಬಾಯಿ ಬಿಟ್ಟ ಒಂದ ಮಾತ ಅನ್ನಬಾರದಾಗಿತ್ತೇನ್ರಿ ವೈನಿ? ಎದುರಿಗೆ ಕುಂಡ್ರತಿದ್ನೆಲ್ಲ ನಾ."

"ನಾನೂ ಅದನ್ನ ಅಂದೆ. 'ಹತ್ತ ಮಂದ್ಯಾಗ ಅಂದ ಮಾತು, ಮನ್ಯಾಗ ಕುಂತ ತಪ್ಪಾತಂದ್ರ ತೀರೂದಿಲ್ಲ. ಕಟ್ಟಿ ಮ್ಯಾಲ ಅಂದದ್ದು ಕಟ್ಟಿ ಮ್ಯಾಲ ತೀರಬೇಕು' ಅಂತಿದ್ರು. ಕಟ್ಟಿಗಿ ಹೋಗೂದಂದ್ರ ಕಣ್ಣಿನ ಸುದ್ದಿ ಬಯಲಾಗತೈತಿ. ಹಿಂಗ ಮುಂದ ಹಾಕೋತ ಹಾಕೋತ ದಿನಾ ಹ್ವಾದೂ. ಮೊನ್ನೆ ಜ್ವರ ಏರಿದಾಗ ನನ್ನ ಕರದ, ವಜೀರನ್ನ ಇಲ್ಲಿ ಇಡು ಅಂದ್ರು. ಆ ಒಂಟಿ ಹೊಡಿತೈತಲ್ರಿ ಅಂದೆ. ಇಷ್ಟ ದಿನಾ ನೋಡಿ ನೋಡಿ ನನಗೂ ತಿಳಿದಿತ್ತು."

"ಏನಂದ?"

"'ಹೊಡೀಲಿ' ಅಂದ್ರು. 'ಅಣ್ಣಾಸಾಹೇಬ ನೋಡಿ ಊರಿಗೆಲ್ಲ ಸಾರಲಿ. ಒಂಟಿ ನಡಸಾಕ ಅವಗ ಬರತೈತಿ, ನನಗ ಮಾತ ನಡಸಾಕ ಬರಲಿಲ್ಲ' ಅಂದ್ರು. ಮತ್ತ ಮಾತಾಡಲಿಲ್ಲ."

ಬಾಗಿಲ ಹತ್ತಿರ ಕೆಮ್ಮಿದ ಸದ್ದಾಯಿತು. ಅಣ್ಣಾಸಾಹೇಬ ನಿಂತಿದ್ದ, ಯಾವಾಗ ಬಂದನೋ. ಹಲಗೆಯನ್ನೊಮ್ಮೆ, ಖಾಲಿ ಮಗ್ಗದ ಕುಣಿಯನ್ನೊಮ್ಮೆ ನೋಡಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನನಗರೆ ಹೇಳಬಾರದಾಗಿತ್ತೇನವಾ? ನಾ ಏನ ನೂಲ ನಿಲ್ಲಸತಿದ್ನೇನ?" ಎಂದ. ಅವನು ಹೊರಗೆ ಹೋದ. ಜೀವಮಾನದಲ್ಲಿ ಮೊದಲ ಸಲ ಒಂದು ಸುದ್ದಿಯನ್ನು ಅವನು ಮೆಲ್ಲಗೆ, ಅಣಕವಿಲ್ಲದೆ ಹೇಳಿದ. ಅಂಗಳದ ಮಾತುಗಳು ಒಂದೊಂದಾಗಿ ನಿಂತುಹೋದದ್ದು ಒಳಗಿದ್ದವರಿಗೆ ಕೇಳಿಸಿತು.

ಅಮಸಿದ್ದಪ್ಪ ಆಗ ಅತ್ತ. ಅಡವಿಯಲ್ಲಿ ಬದುಕಿದವನ ಅಳು, ದನಿ ತಗ್ಗಿಸಿ ಗೊತ್ತಿಲ್ಲದ್ದು. ಎರಡೂವರೆ ವರ್ಷ ಮೊಳದಷ್ಟು ದೂರದಲ್ಲಿ ಕೂತು, ಅವನು ಕಾಣದವನಾಗಿದ್ದ, ತಾನು ಕಂಡೂ ನೋಡದವನಾಗಿದ್ದ.

* * *

ಮುಂದಿನ ಹೆಗಲು ಅಮಸಿದ್ದಪ್ಪನೇ ಕೊಟ್ಟ. ಮಠದ ಕಟ್ಟೆಯ ಹತ್ತಿರ ಬಂದಾಗ, ಯಾರೂ ಹೇಳದಿದ್ದರೂ ಹೊತ್ತವರು ತಾವಾಗಿಯೇ ಒಂದು ಗಳಿಗೆ ನಿಂತರು. ಸಂತೆಯ ಜನ ಬುಟ್ಟಿ ಕೆಳಗಿಟ್ಟು ಕೈ ಮುಗಿದರು. ಅಣ್ಣಾಸಾಹೇಬನ ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ.

ಊರ ಹೊರಗೆ ಕುಣಿ ತೋಡಿ ಇಟ್ಟಿದ್ದರು. ಅಯ್ಯನವರು ವಿಭೂತಿ ಗಟ್ಟಿಗಳನ್ನು ಹೊಂದಿಸುತ್ತಿದ್ದಾಗ ಅಮಸಿದ್ದಪ್ಪ, ಹಿಂದಿನವರು ಹೊತ್ತು ತಂದಿದ್ದ ತನ್ನ ಗಂಟು ಬಿಚ್ಚಿದ. ಬೆಳಿಗ್ಗೆ ಮಾರಲೆಂದು ತಂದವುಗಳಲ್ಲಿ ಎಲ್ಲಕ್ಕೂ ಒಳ್ಳೆಯದು, ಎಳೆಗುರಿಯ ಕರಿ ಉಣ್ಣೆಯದು, ಅಡಿಯಲ್ಲಿತ್ತು.

"ತಳಕ್ಕ ಹಾಸ್ಲೇನ್ರಿ ಅಯ್ಯಾರ?"

"ಹಾಸಪಾ. ಗದ್ದುಗಿಗಿ ಕಂಬಳಿ ಬೇಕ."

ಅವನು ಕುಣಿಗೆ ಇಳಿದು, ನಾಲ್ಕೂ ಮೂಲೆ ಎಳೆದು, ಕೈಯಾಡಿಸಿ ಸುಕ್ಕು ತೆಗೆದ. ಆಟಕ್ಕೆ ಕೂರುವ ಮುಂಚೆ ಬಸಗೊಂಡಪ್ಪನಿಗೆ ಹೀಗೇ ಹಾಸಿಕೊಡುತ್ತಿದ್ದ. ಸುಕ್ಕಿದ್ದರೆ ಮನುಷ್ಯನಿಗೆ ಆಟದಲ್ಲಿ ಲಕ್ಷ್ಯ ಇರುತ್ತಿರಲಿಲ್ಲ. ಕೂರಿಸಿದ ಮೇಲೆ ಮೇಲಿನಿಂದ ಬಿಲ್ವದ ಎಲೆ ಬಿದ್ದವು, ಆಮೇಲೆ ಮಣ್ಣು. ತನ್ನ ಹಿಡಿ ಮಣ್ಣು ಹಾಕುವಾಗ ಅಮಸಿದ್ದಪ್ಪ, "ತಪ್ಪಾತೋ ಅಣ್ಣಾ" ಎಂದ.

ಹೊತ್ತು ಇಳಿಯುವಾಗ ಎಲ್ಲರೂ ಮನೆಗೆ ತಿರುಗಿ ಬಂದರು. ಹೆಂಗಸರು ಪಡಸಾಲೆ ತೊಳೆದಿದ್ದರು. ಮಗ್ಗದ ಕೋಣೆಯ ನೆಲವನ್ನು ಶೇವಂತಿ ತಾನೇ ಸಗಣಿಯಿಂದ ಸಾರಿಸುತ್ತಿದ್ದಳು. ಸತ್ತವರ ಮನೆಯಲ್ಲಿ ಯಾವ ವಸ್ತುವೂ ಇದ್ದಲ್ಲೇ ಇರಬಾರದು, ಎಲ್ಲ ಎತ್ತಿ ತೊಳೆದಿಡಬೇಕು. ಅವಳು ಹಾಸಿಗೆ ಎತ್ತಿದ್ದಳು, ತಂಬಿಗೆ ಎತ್ತಿದ್ದಳು. ಹಲಗೆ ಎತ್ತಿರಲಿಲ್ಲ.

ಅಮಸಿದ್ದಪ್ಪ ಒಣಗಿದ ಜಾಗ ನೋಡಿ ಕೂತ. ಬೆಳಿಗ್ಗೆ ತಂದ ಆನೆಯ ನಡೆ ಈಗ ಕೆಲಸಕ್ಕೆ ಬರುವಂಥದ್ದಲ್ಲ. ಒಂಟೆ ಇಲ್ಲಿ, ವಜೀರ ಅಲ್ಲಿ, ನಡುವೆ ಖಾಲಿ ಹಾದಿ. ರಾಚಪ್ಪ ಬಾಗಿಲಲ್ಲಿ ಬಂದು ನಿಂತ. ಅವನ ಹೆಗಲ ಹಿಂದಿನಿಂದ ಅಣ್ಣಾಸಾಹೇಬ ಉಸಿರು ಹಿಡಿದು ನೋಡುತ್ತಿದ್ದ. ಅಮಸಿದ್ದಪ್ಪನ ಕೈ ಒಂಟೆಯ ಮೇಲೆ ಬಂದು ಸ್ವಲ್ಪ ಹೊತ್ತು ನಿಂತಿತು. ಮುಟ್ಟಲಿಲ್ಲ. ಅದನ್ನು ದಾಟಿ ಹೋಗಿ, ಮೂಲೆಯ ಪ್ಯಾದೆಯೊಂದನ್ನು ಒಂದು ಮನೆ ಮುಂದೆ ತಳ್ಳಿತು.

"ಹೊಡೀಲಿಲ್ಲೇನ್ರಿ ಅಣ್ಣಾ?" ಎಂದಳು ಶೇವಂತಿ.

"ಇರ್ಲಿ ಬಿಡ್ರಿ ವೈನಿ. ಮುಂದಿನ ಸಂತಿ ಐತೆಲ್ಲ. ಅಣ್ಣನ ಪಾಳಿ ಇನ್ನ ನೀವ ನಡಸ್ರಿ."

ಅವನು ಗಂಟು ಹೆಗಲಿಗೇರಿಸಿ ಹೊರಟ. ಓಣಿಯ ತುದಿ ಮುಟ್ಟುವಷ್ಟರಲ್ಲಿ ಯಾರದೋ ಮನೆಯಲ್ಲಿ ಮೊದಲ ಲಾಳಿ ಓಡಿತು. ಸ್ವಲ್ಪ ತಡೆದು ಇನ್ನೊಂದು, ಆಮೇಲೆ ಮತ್ತೊಂದು.

ಕೋಣೆಯಲ್ಲಿ ಶೇವಂತಿ ಸಗಣಿಯ ಕೈಯನ್ನು ಹಲಗೆಯ ಸುತ್ತ ಅಂಚಿನಗುಂಟ ಆಡಿಸಿ ನೆಲ ಮುಗಿಸಿದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹಲಗೆಯ ಮುಂದೆ ಕೂತಳು. ಕಣ್ಣು ಮುಚ್ಚಿಕೊಂಡಳು. ಬೆರಳು ಪ್ಯಾದೆಗಳನ್ನು ದಾಟಿತು, ಕಟ್ಟಿಗೆಯ ಕುದುರೆಯನ್ನು ದಾಟಿತು, ಕೋಡಿನ ನುಣುಪು ಸಿಕ್ಕಲ್ಲಿ ನಿಂತಿತು.

"ಐತ್ರಿ" ಎಂದಳು.